ಪುಟಕ್ಕೆ ಎರಡು ರೂಪಾಯಿ

ಎಡಿತ್ ಸುಕುಮಾರಿ ಸ್ವರ ಬರೆಯುತ್ತಿದ್ದರು, ನಾನು ನಕಲು ಮಾಡುತ್ತಿದ್ದೆ.
ಪಿಟೀಲಿಗೆ ಆರು ಪ್ರತಿ, ಚೆಲ್ಲೋಗೆ ಒಂದು,
ಕ್ಲಾರಿನೆಟ್ಟಿನ ಮುದುಕನ ಕನ್ನಡಕ ಒಡೆದಿದ್ದರಿಂದ
ಅವನಿಗೆ ದಪ್ಪಕ್ಷರದಲ್ಲಿ ಇನ್ನೊಂದು.
ಪುಟಕ್ಕೆ ಎರಡು ರೂಪಾಯಿ; ತಪ್ಪಿದರೆ
ರಬ್ಬರು ನನ್ನದೇ.

ಕಬ್ಬನ್‌ಪೇಟೆಯ ಗಲ್ಲಿ, ಮೂರನೇ ಮಹಡಿ, ಸ್ಟುಡಿಯೋ.
ಗೋಡೆಗೆ ಗೋಣಿಚೀಲ, ಬಾಗಿಲಿಗೆ ಹಳೇ ಹಾಸಿಗೆ.
ಆದರೂ ಕೆಳಗಿನ ಮಗ್ಗ ಮೆಟ್ಟಿಲು ಹತ್ತಿ ಬರುತ್ತಿತ್ತು,
ಟಕಟ ಟಕ ಟಕ, ಟಕಟ ಟಕ ಟಕ,
ಯಾರ ತಾಳಕ್ಕೂ ಬಗ್ಗದೆ.
ರಾತ್ರಿ ಹತ್ತು ಹೊಡೆದು ತುಳಜಾಸಾ ಸ್ವಿಚ್ಚು ಆರಿಸಿದ ಮೇಲೆಯೇ
ನಮ್ಮ ಕೆಂಪು ದೀಪ.

ಮೇಡಂ ಕೊರಳಲ್ಲಿ ಶಿಲುಬೆ, ಜೊತೆಗೆ ಸ್ಟಾಪ್‌ವಾಚು;
ಒಂದಕ್ಕೊಂದು ತಾಗದಂತೆ ಎರಡನ್ನೂ ಮುಷ್ಟಿಯಲ್ಲಿ ಹಿಡಿಯುವರು.
ಹಾವು ಹೆಡೆಯೆತ್ತಲು ಹದಿನಾಲ್ಕು ಸೆಕೆಂಡು.
ತಂಗಿ ಕುಣಿಕೆಯನ್ನು ನೋಡಲು ಒಂಬತ್ತು.
ಖಳನಾಯಕ ನಗಲು ಎಷ್ಟಾದರೂ, ಅವನು ಪ್ರೊಡ್ಯೂಸರ್ ಭಾವಮೈದ.
‘ಅಳು ಇನ್ನೊಂದು ಚಮಚ ಹಾಕಿ ಮೇಡಂ’
ಅನ್ನುವರು ನಿರ್ದೇಶಕರು. ಹಾಕುವರು.
ಪರದೆಯಲ್ಲಿ ಅವರ ಹೆಸರು, ಊಟ ಒದಗಿಸಿದವರ ಆಸುಪಾಸು,
ಕೆಲವು ಸಲ ‘ಸುಕುಮಾರ್’ ಅಂತ.

ಹದಿನೇಳು ವರ್ಷ. ನಲವತ್ತಮೂರು ಚಿತ್ರ.
ಭಾನುವಾರ ಮಾತ್ರ, ಚರ್ಚು ಮುಗಿಸಿ,
ಕುಕ್‌ಟೌನಿನ ಮನೆಯ ಊಟದ ಮೇಜಿನ ಮೇಲೆ
ಇನ್ನೊಂದನ್ನು ಬರೆಯುತ್ತಿದ್ದರು. ಯಾರೂ ಕೇಳದ್ದು,
ಎರಡರ್ಥದಲ್ಲೂ.
ಹುರುಳಿಕಾಯಿ ನಾರಿನ ಪಕ್ಕ, ನಾಲ್ಕು ಭಾಗದ ಸಿಂಫನಿ.
ಅದರ ನಕಲಿಗೂ ಕಾಸು ಎಣಿಸಿದರು; ನಾನೂ ತಗೊಂಡೆ,
ಸುಳ್ಳು ಯಾಕೆ ಹೇಳಲಿ, ಮಗಳ ಫೀಸು ಕಟ್ಟುವುದಿತ್ತು.

ಮೂರನೇ ಭಾಗದ ನಡುವೆ ಕೈ ನಿಂತಿತು.
ಈ ಸಾಲು ಮುಂಚೆ ಬರೆದಿದ್ದೇನೆ.
ಪೊಲೀಸು ಜೀಪು, ತಿರುವಿನಲ್ಲಿ ಧೂಳು, ಎಂಟನೇ ರೀಲು.
ಹಳೇ ಕಟ್ಟುಗಳನ್ನು ಬಿಚ್ಚಿದೆ:
ಹೆಡೆಯ ಕೆಳಗೆ ಮೊದಲ ಭಾಗದ ಹೊಸ್ತಿಲು,
ಕುಣಿಕೆಯ ಹಿಂದೆ ಎರಡನೆಯದರ ಚೆಲ್ಲೋ,
ಭಾವಮೈದನ ನಗೆಯಡಿ ಆ ಮಗ್ಗ, ಏಳೇಳರ ಮಗ್ಗ.
ಸೆರಗಿನಡಿ ಬಟ್ಟಲು ಮುಚ್ಚಿ ಪಕ್ಕದ ಮನೆಗೆ
ಸಾರು ಕೊಟ್ಟುಬರುವವರ ಹಾಗೆ
ಸಿಂಫನಿಯನ್ನು ತುಣುಕು ತುಣುಕಾಗಿ
ಮೆಜೆಸ್ಟಿಕ್ಕಿನ ಗಾಂಧಿ ಕ್ಲಾಸಿಗೆ ಸಾಗಿಸಿದ್ದರು.
ಕಡಲೆಕಾಯಿ ಸಿಪ್ಪೆ ಉದುರಿಸುತ್ತ ಊರು
ಎಂದೋ ಅದನ್ನು ಕೇಳಿ ಮುಗಿಸಿತ್ತು.
ನಾನು ಏನೂ ಅನ್ನಲಿಲ್ಲ. ಮುಂದಿನ ಪುಟಕ್ಕೆ ಗೆರೆ ಎಳೆದೆ.

ಕೊನೆಗೂ ಒಂದು ಸಂಜೆ, ಟೌನ್‌ಹಾಲು.
ಮೂವತ್ತೊಂದು ವಾದ್ಯ, ಅರವತ್ತೆರಡು ಜನ,
ಅರ್ಧ ವಾದಕರ ಮನೆಯವರೇ.
ಮಗ್ಗದ ಪಾಲು ಒಂದು ಮರದ ತುಂಡಿಗೆ ಬಂದಿತ್ತು.
ತುಳಜಾಸಾಗೂ ಪಾಸು ಕಳಿಸಿದ್ದರು; ಬಂದ,
ಕಾಲರಿನ ತುಂಬ ನೂಲಿನ ಎಳೆ,
‘ನಮ್ದು ಇಷ್ಟು ನಿಧಾನ ಓಡಲ್ಲ’ ಅಂದ ನನ್ನ ಕಿವಿಯಲ್ಲಿ.
ಮೂರನೇ ಭಾಗಕ್ಕೆ, ಬಾಗಿಲ ಬಳಿಯ ಟಾರ್ಚಿನ ಹುಡುಗ
ಏನೋ ನೆನಪಾದವನಂತೆ ರಸ್ತೆಯ ಕಡೆ ತಿರುಗಿದ,
ಜೀಪು ಬರುತ್ತದೆಂದು.

ಮರುದಿನ ಪೇಪರಿನಲ್ಲಿ ನಾಲ್ಕು ಸಾಲು:
‘ಸಿನಿಮಾದ ವಾಸನೆ ಹೋಗಿಲ್ಲ.’
ಕತ್ತರಿಸಿ, ಹಾಲಿನ ಲೆಕ್ಕದ ಕ್ಯಾಲೆಂಡರಿಗೆ ಸಿಕ್ಕಿಸಿ
ನಕ್ಕರು ಎಡಿತ್ ಸುಕುಮಾರಿ.
ಎಷ್ಟು ಹೊತ್ತು ಅಂತ ಗೊತ್ತಿಲ್ಲ,
ವಾಚು ಅವರ ಹತ್ತಿರ ಇತ್ತು.

ಅವರು ಹೋಗಿ ಆರು ವರ್ಷ.
ಮಧ್ಯಾಹ್ನ ಸೆಲೂನಿನ ಟೀವಿಯಲ್ಲಿ ಹಳೇ ಚಿತ್ರ.
ಗಲ್ಲಕ್ಕೆ ನೊರೆ, ಕುತ್ತಿಗೆಯ ಮೇಲೆ ಕತ್ತಿ.
ಭಾವಮೈದ ಬಾಯಿ ತೆರೆದ.
‘ಸೌಂಡು ಕಮ್ಮಿ ಮಾಡ್ಲಾ ಸಾರ್?’
ತಲೆ ಅಲ್ಲಾಡಿಸುವಂತಿಲ್ಲ. ಎಣಿಸುತ್ತೇನೆ.
ಏಳು, ಎಂಟು, ಒಂಬತ್ತು,
ಹತ್ತಕ್ಕೆ ಕ್ಲಾರಿನೆಟ್ಟು ಬರಬೇಕು.
ಸೀಗೆಪುಡಿಯ ಜಾಹೀರಾತು ಬಂತು.